ದೋಣಿಗೆ ಎರಡು ಬ್ಯಾಟರಿ

(ಗಂಗೊಳ್ಳಿ ಅಳಿವೆಯ ಸುತ್ತಲಿನ ಹಳ್ಳಿಗಳ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕಳೆದ ಸಭೆಯಲ್ಲಿ ಭತ್ತದ ಬೀಜೋಪಚಾರದ ಬಗ್ಗೆ ಎರಡು ಮಾತು ಹೇಳಿದ್ದೆ. ಈ ಸಲದ ವಿಷಯ ದೋಣಿಯ ಬ್ಯಾಟರಿ ಎಂದು ತಿಳಿದಾಗ ಕೆಲವರು ನಕ್ಕರಂತೆ. ಬೇಸಾಯದ ಡಿಪ್ಲೊಮಾ ಓದಿದವನಿಗೆ ದೋಣಿಯ ಉಸಾಬರಿ ಯಾಕೆ ಎಂದು ಒಬ್ಬ ಹಿರಿಯರು ನನ್ನ ಎದುರಿಗೇ ಕೇಳಿದರು. ಕೇಳಿದ್ದು ತಪ್ಪಲ್ಲ. ಆದರೆ ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ಹೊಳೆಗಳು ಕೂಡಿ ಪಂಚಗಂಗಾವಳಿ ಎನಿಸಿಕೊಂಡು ಕಡಲು ಸೇರುವ ಈ ನೆಲದಲ್ಲಿ ರೈತನ ಒಂದು ಕಾಲು ಗದ್ದೆಯಲ್ಲಿದ್ದರೆ ಇನ್ನೊಂದು ಕಾಲು ದೋಣಿಯಲ್ಲಿರುತ್ತದೆ. ಕುದ್ರುವಿನ ಮನೆಗಳಿಗೆ ಗೊಬ್ಬರ ಹೋಗುವುದು ದೋಣಿಯಲ್ಲಿ, ತೆಂಗಿನಕಾಯಿ ಬರುವುದು ದೋಣಿಯಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆ ನೋವಿನ ಹೆಂಗಸನ್ನು ದಡ ಮುಟ್ಟಿಸುವುದೂ ದೋಣಿಯಲ್ಲಿಯೇ. ನಾಟಿ ಮುಗಿಸಿ ಬಲೆ ಹಿಡಿಯುವವರು ಈ ಸಭೆಯಲ್ಲೇ ಎಷ್ಟೋ ಜನ ಇದ್ದೀರಿ. ನೇಗಿಲಿನ ವಿಷಯ ಹೇಳತಕ್ಕವನು ದೋಣಿಯ ವಿಷಯವನ್ನೂ ಹೇಳಬೇಕಾದೀತು.

ನಿಮ್ಮ ಮನೆಯ ಅಟ್ಟದಲ್ಲಿ ಬೀಜದ ಮುಡಿ ಇರುತ್ತದೆ. ಉಣ್ಣುವ ಅಕ್ಕಿಯ ಮುಡಿಯೂ ಇರುತ್ತದೆ. ಎಂಥ ಕಷ್ಟದ ಆಟಿ ತಿಂಗಳಾದರೂ ನಮ್ಮ ಅಜ್ಜಿಯಂದಿರು ಬೀಜದ ಮುಡಿಗೆ ಕೈ ಹಾಕುತ್ತಿರಲಿಲ್ಲ. ಅದನ್ನು ಕುಟ್ಟಿ ಉಂಡರೆ ಇಂದಿನ ಹಸಿವು ಹಿಂಗಬಹುದು, ಬರುವ ವರ್ಷ ಗದ್ದೆಗೆ ಇಳಿಯುವ ಹಾಗಿಲ್ಲ. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಬೀಜದ ಮುಡಿ. ದೀಪ, ವಯರ್‌ಲೆಸ್, ಪಂಪು, ಮೊಬೈಲು, ಇವುಗಳಿಗೆ ಕೊಡುವ ಬ್ಯಾಟರಿ ಉಣ್ಣುವ ಅಕ್ಕಿ. ಈಗ ನಮ್ಮ ಬಹುಪಾಲು ಸಣ್ಣ ದೋಣಿಗಳಲ್ಲಿ ಒಂದೇ ಮುಡಿ ಇದೆ. ರಾತ್ರಿಯಿಡೀ ಅದರಿಂದಲೇ ಉಂಡು ಬೆಳಿಗ್ಗೆ ಅದನ್ನೇ ಬಿತ್ತಲು ಹೊರಡುತ್ತೇವೆ.

ಇದು ಓದಿ ತಿಳಿದ ಮಾತಲ್ಲ, ಪಟ್ಟು ತಿಳಿದ ಮಾತು. ಎರಡು ವರ್ಷದ ಹಿಂದೆ, ಸ್ವಾತಿ ಮಳೆ ಹಿಂದೆ ಸರಿದ ವಾರ, ನನ್ನ ಸೋದರಮಾವನ ದೋಣಿಯಲ್ಲಿ ನಾನೂ ಹೋಗಿದ್ದೆ. ಎರಡು ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್, ಒಂದೇ ಬ್ಯಾಟರಿ. ಆ ದೋಣಿಗೆ ದೊಡ್ಡ ದೀಪ, ಮೀನು ತೋರಿಸುವ ಯಂತ್ರ, ಮೊಬೈಲಿಗೆ ಚಾರ್ಜು, ಇಷ್ಟನ್ನೂ ಒತ್ತಾಯ ಮಾಡಿ ಹಾಕಿಸಿದವನು ನಾನೇ. ಬೆಳಕು ಚೆನ್ನಾಗಿರಲಿ ಎಂದು ಪೇಟೆಯ ಒಂದು ಅಂಗಡಿಯಿಂದ ಲಾರಿಗೆ ಹಾಕುವ ಹಳೆಯ ಮಾದರಿಯ ದೀಪಗಳನ್ನು ತಂದಿದ್ದೆ. ಅವು ಎಷ್ಟು ಕರೆಂಟು ಕುಡಿಯುತ್ತವೆಂದು ಅಂಗಡಿಯವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಲೆ ಬಿಟ್ಟು ಎಂಜಿನ್ ನಿಲ್ಲಿಸಿ ಲಂಗರು ಹಾಕಿ ಕುಳಿತೆವು. ದೀಪ ಉರಿಯುತ್ತಲೇ ಇತ್ತು. ಬೆಳಗಿನ ಜಾವಕ್ಕೆ ಅದು ಕೆಂಪಾದಾಗಲಾದರೂ ತಿಳಿಯಬೇಕಿತ್ತು.

ಬಲೆ ಎಳೆದು ಮಾವ ಕೀಲಿ ತಿರುಗಿಸಿದರು. 'ಟಕ್' ಎಂದು ಒಂದು ಸದ್ದು, ಮತ್ತೆ ಮೌನ. ಇನ್ನೊಮ್ಮೆ ತಿರುಗಿಸಿದರೆ ಆ ಸದ್ದೂ ಇಲ್ಲ. ಹಿಂದಿನ ಒಂಟಿ ಸಿಲಿಂಡರಿನ ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರು, ಇದಕ್ಕೆ ಆ ಸೌಕರ್ಯವಿರಲಿಲ್ಲ. ವಯರ್‌ಲೆಸ್ ಹಿಡಿದರೆ ಅದೂ ಸತ್ತಿತ್ತು, ಅದಕ್ಕೂ ಅದೇ ಬ್ಯಾಟರಿ. ಅಷ್ಟರಲ್ಲಿ ಗಾಳಿ ಎದ್ದಿತು, ಲಂಗರು ಉಸುಕಿನಲ್ಲಿ ಜಾರತೊಡಗಿತು. ಅಳಿವೆ ಬಾಯಿಯಲ್ಲಿ ತೆರೆ ಒಡೆಯುವ ಸದ್ದು ಮೊದಲು ದೂರದಲ್ಲಿತ್ತು, ಸ್ವಲ್ಪ ಹೊತ್ತಿಗೆ ಮಾತು ಕೇಳದಷ್ಟು ಹತ್ತಿರ ಬಂತು. ನಾಲ್ಕು ಜನ ಹುಟ್ಟು ಹಾಕಿದರೂ ಎಂಜಿನ್ನಿನ ಭಾರದ ಆ ದೋಣಿ ಹೊರಳುತ್ತಿರಲಿಲ್ಲ. ಮಾವ ನನ್ನನ್ನು ಬೈಯಲಿಲ್ಲ. 'ಈಜು ಬತ್ತಾ ನಿಂಗೆ?' ಎಂದು ಮಾತ್ರ ಕೇಳಿದರು. ಅದನ್ನು ಕೇಳಿದ ಮೇಲೆ ಬೈಗುಳವೇ ಮೇಲಾಗಿತ್ತು.

ಹೊತ್ತು ಮೂಡುವಾಗ ಇನ್ನೊಂದು ದೋಣಿಯವರು ಕಂಡು ಬಳಿಗೆ ಬಂದರು. ಅವರ ಬಳಿ ಹೆಚ್ಚಿನದೊಂದು ಬ್ಯಾಟರಿ ಇತ್ತು. ಹಗ್ಗ ಕಟ್ಟಿ ಅದನ್ನು ನಮ್ಮ ದೋಣಿಗೆ ದಾಟಿಸಿದರು. ತಂತಿ ತಾಗಿಸಿ ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಎದ್ದಿತು. ಇಡೀ ರಾತ್ರಿಯ ದೀಪಕ್ಕೆ ಹೋದ ಕರೆಂಟಿನ ಮುಂದೆ ಎಂಜಿನ್ ಎಬ್ಬಿಸಲು ಬೇಕಾದದ್ದು ಒಂದು ಚಿಟಿಕೆ. ಆ ಚಿಟಿಕೆಯನ್ನು ತೆಗೆದಿಡಲು ನಮಗೆ ಜಾಗವಿರಲಿಲ್ಲ, ಅಷ್ಟೆ.

ದಡಕ್ಕೆ ಬಂದ ಮೇಲೆ ಬಂದರಿನಲ್ಲಿ ದೋಣಿಗಳ ವಿದ್ಯುತ್ ಕೆಲಸ ಮಾಡುವ ಒಬ್ಬ ಮೇಸ್ತ್ರಿಯವರ ಬೆನ್ನು ಹತ್ತಿದೆ. ಈಗ ಹೇಳುವುದರಲ್ಲಿ ಬಹಳಷ್ಟು ಅವರಿಂದ ಕಲಿತದ್ದು, ಉಳಿದದ್ದು ಮಾವನ ದೋಣಿಯಲ್ಲಿ ಕೈಯಾರೆ ಮಾಡಿ ನೋಡಿದ್ದು.

ಮೊದಲು ಬ್ಯಾಟರಿಯ ಜಾತಿ. ಸೀಸದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಕಂಡುಹಿಡಿದರು. ಒಳಗಿನ ಸಂಗತಿ ಇಂದಿಗೂ ಅದೇ: ಸೀಸದ ಫಲಕಗಳು, ಗಂಧಕಾಮ್ಲ, ನೀರು. ಆದರೆ ಫಲಕಗಳನ್ನು ಎರಡು ರೀತಿ ಮಾಡುತ್ತಾರೆ. ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿ ತೆಳ್ಳಗಿನ ಫಲಕಗಳು ಬಹಳ ಇರುತ್ತವೆ. ಅದು ಎರಡು ಮೂರು ಸೆಕೆಂಡು ನೂರು ಇನ್ನೂರು ಆಂಪಿಯರ್ ಒಮ್ಮೆಲೇ ಕೊಡಬಲ್ಲದು, ಆದರೆ ಪೂರ್ತಿ ಬರಿದಾಗುವುದನ್ನು ತಾಳದು. ಹಾಗೆ ಹಲವು ಸಲ ಬರಿದು ಮಾಡಿದರೆ ಸತ್ತೇ ಹೋಗುತ್ತದೆ. ಮನೆಯ ಇನ್ವರ್ಟರಿಗೆ ಇಡುವ ಎತ್ತರದ ಟ್ಯೂಬುಲರ್ ಬ್ಯಾಟರಿ ಬೇರೆ ಜಾತಿ. ಅದು ಸ್ವಲ್ಪ ಸ್ವಲ್ಪವಾಗಿ ಬಹಳ ಹೊತ್ತು ಕೊಡುತ್ತದೆ, ಬರಿದಾಗಿ ತುಂಬುವುದು ಅದಕ್ಕೆ ರೂಢಿ. ಒಂದು ಓಟದ ಕೋಣ, ಇನ್ನೊಂದು ಹೂಡುವ ಎತ್ತು. ಆದುದರಿಂದ ಎಂಜಿನ್ನಿಗೆ ಮೊದಲನೆಯದು, ದೀಪಾದಿಗಳಿಗೆ ಎರಡನೆಯದು. ದೀಪದ ಬ್ಯಾಟರಿಯಾಗಿ ಲಿಥಿಯಂ ಬ್ಯಾಟರಿ ಹಾಕಬಾರದೆ ಎಂದು ಯುವಕರು ಕೇಳುತ್ತಾರೆ. ಹಗುರ, ಒಳ್ಳೆಯದು, ಆದರೆ ಅದರ ಚಾರ್ಜಿನ ಕ್ರಮವೇ ಬೇರೆ. ಸೀಸದ ಬ್ಯಾಟರಿಗೆಂದು ಮಾಡಿದ ಈ ಏರ್ಪಾಟಿಗೆ ಅದನ್ನು ನೇರವಾಗಿ ಸೇರಿಸತಕ್ಕದ್ದಲ್ಲ.

ಎಷ್ಟು ದೊಡ್ಡದು ಬೇಕು? ಗದ್ದೆಗೆ ಬೀಜ ಲೆಕ್ಕ ಹಾಕಿದಂತೆ ಇದನ್ನೂ ಲೆಕ್ಕ ಹಾಕಬಹುದು. 12 ವೋಲ್ಟಿನ ದೋಣಿ, ಹತ್ತು ಗಂಟೆಯ ರಾತ್ರಿ ಎಂದು ಇಟ್ಟುಕೊಳ್ಳಿ. 10 ವ್ಯಾಟಿನ ಎಲ್‌ಇಡಿ ದೀಪ ಒಂದು ಆಂಪಿಯರಿಗಿಂತ ಸ್ವಲ್ಪ ಕಡಿಮೆ ಎಳೆಯುತ್ತದೆ, ರಾತ್ರಿಗೆ ಸುಮಾರು 8 ಆಂಪಿಯರ್-ಗಂಟೆ. ದೋಣಿಯ ಗುರುತಿನ ಕೆಂಪು, ಹಸಿರು, ಬಿಳಿ ದೀಪಗಳೂ ಎಲ್‌ಇಡಿ ಆದರೆ ಎಲ್ಲ ಸೇರಿ 5. ಮೀನು ತೋರಿಸುವ ಯಂತ್ರಕ್ಕೆ 10. ವಯರ್‌ಲೆಸ್ ಸುಮ್ಮನೆ ಕೇಳುತ್ತ ಇರುವಾಗ ಗಂಟೆಗೆ ಅರ್ಧ, ಒಟ್ಟು 5. ಅದರಲ್ಲಿ ಮಾತಾಡುವಾಗ ಐದಾರು ಆಂಪಿಯರ್ ಎಳೆದರೂ ಮಾತು ನಿಮಿಷದ್ದು. ತಳದ ನೀರೆತ್ತುವ ಪಂಪು ರಾತ್ರಿಯಲ್ಲಿ ಒಟ್ಟು ಒಂದು ಗಂಟೆ ನಡೆದರೆ 3. ಮೊಬೈಲು, ಮಾತು ಎಲ್ಲ ಸೇರಿ 4. ಕೂಡಿದರೆ 35. ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು, ಹಾಗಾಗಿ ಎರಡರಷ್ಟು, 70. ಪೇಟೆಯಲ್ಲಿ 75 ಅಥವಾ 80ರದು ಕೇಳಿ ತನ್ನಿ. ನಾನು ಹಾಕಿಸಿದ್ದ ಲಾರಿ ದೀಪಗಳ ಲೆಕ್ಕ ಆಮೇಲೆ ಮಾಡಿ ನೋಡಿದೆ. ಒಂದೊಂದು 55 ವ್ಯಾಟು, ಎರಡು ದೀಪಕ್ಕೆ ಗಂಟೆಗೆ 9 ಆಂಪಿಯರ್. ಎಂಟು ಗಂಟೆಗೆ 70 ಮೀರಿತು. ನಮ್ಮ ಬ್ಯಾಟರಿ ಇದ್ದದ್ದೇ 80ರದು. ಎರಡನೆಯ ಬ್ಯಾಟರಿ ಅಗ್ಗದ ವಸ್ತುವಲ್ಲ. ಹಳೆಯ ದೀಪ ತೆಗೆದು ಎಲ್‌ಇಡಿ ಹಾಕಿದರೆ ಅದರ ಗಾತ್ರ ಅರ್ಧಕ್ಕೂ ಕಡಿಮೆಯಾಗುತ್ತದೆ. ಆದುದರಿಂದ ಮೊದಲ ಹಣ ದೀಪಕ್ಕೆ ಹೋಗಲಿ.

ಇನ್ನು ಜೋಡಣೆ. ಎರಡು ಬ್ಯಾಟರಿಗಳ ಋಣ ತುದಿಗಳನ್ನು, ಅಂದರೆ ಮೈನಸ್ಸನ್ನು, ದಪ್ಪ ತಂತಿಯಿಂದ ಒಂದಕ್ಕೊಂದು ಕೂಡಿಸಿ ಎಂಜಿನ್ನಿನ ಮೈಗೆ ಕಟ್ಟಬೇಕು. ಪ್ಲಸ್ಸುಗಳನ್ನು ಮಾತ್ರ ಕೂಡಿಸಬಾರದು. ಒಂದೊಂದಕ್ಕೂ ಒಂದೊಂದು ಸ್ವಿಚ್ಚು: ಒಂದರಿಂದ ಸೆಲ್ಫ್ ಮೋಟಾರಿಗೆ, ಇನ್ನೊಂದರಿಂದ ದೀಪದ ಹಲಗೆಗೆ. ಇಷ್ಟು ಮಾಡಿದರೆ ದೀಪ ಎಷ್ಟು ಹೊತ್ತು ಉರಿದರೂ ಬೀಜದ ಮುಡಿ ಭದ್ರ.

ಆದರೆ ಎಂಜಿನ್ನಿನ ಆಲ್ಟರ್ನೇಟರ್ ಒಂದೇ. ಅದು ಎರಡನ್ನೂ ತುಂಬುವುದು ಹೇಗೆ? ಇಲ್ಲಿ ನಡುವೆ ಒಂದು ರಿಲೇ ಬೇಕು. ನಮ್ಮ ಹೊಳೆಗಳಿಗೆ ಕಟ್ಟಿದ ಕಿಂಡಿ ಅಣೆಕಟ್ಟು ನೋಡಿದ್ದೀರಿ. ಮೇಲಿನ ನೀರು ತುಂಬಿ ಬಂದಾಗ ಹಲಗೆ ತೆಗೆಯುತ್ತೇವೆ, ನೀರು ಇಳಿಯುತ್ತ ಬಂದಾಗ ಹಲಗೆ ಹಾಕಿ ಸಿಹಿನೀರು ಕಾಯುತ್ತೇವೆ. ಈ ರಿಲೇ ತಾನೇ ತೆಗೆದು ತಾನೇ ಹಾಕುವ ಹಲಗೆ. ಎಂಜಿನ್ ನಡೆದು ಅದರ ಬ್ಯಾಟರಿ ಸುಮಾರು 13.3 ವೋಲ್ಟು ಮುಟ್ಟಿದಾಗ ಎರಡನ್ನೂ ಕೂಡಿಸುತ್ತದೆ, ಎರಡೂ ತುಂಬತೊಡಗುತ್ತವೆ. ಎಂಜಿನ್ ನಿಂತು 12.8ರ ಸುಮಾರಿಗೆ ಇಳಿದಾಗ ಬೇರ್ಪಡಿಸುತ್ತದೆ. ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ.

'1, 2, ಎರಡೂ' ಎಂದು ಬರೆದ ಒಂದೇ ದುಂಡು ಸ್ವಿಚ್ಚು ಕಡಿಮೆ ಬೆಲೆಗೆ ಸಿಗುತ್ತದಲ್ಲ ಎಂದು ಕೆಲವರು ಹೇಳುವರು. ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಎಂಜಿನ್ ನಡೆಯುವಾಗ 'ಎರಡೂ' ಇಟ್ಟು, ನಿಲ್ಲಿಸಿದಾಗ ಬದಲಿಸಲು ಮರೆತರೆ ಎರಡು ಬ್ಯಾಟರಿಯೂ ಒಟ್ಟಿಗೇ ಬರಿದಾಗುತ್ತವೆ. ಬಲೆ ಎಳೆದು ಸುಸ್ತಾದವನು ಮರೆಯದೆ ಇರುತ್ತಾನೆಯೆ? ನನಗೆ ನಂಬಿಕೆಯಿಲ್ಲ. ಆ ಸ್ವಿಚ್ಚು ಈಗಾಗಲೇ ಇದ್ದವರು ಅದನ್ನೇ ಬಳಸಲಿ, ಹೊಸದಾಗಿ ಮಾಡುವವರು ರಿಲೇ ಹಾಕಲಿ. ಯಾವ ಸ್ವಿಚ್ಚೇ ಆಗಲಿ, ಎಂಜಿನ್ ನಡೆಯುತ್ತಿರುವಾಗ ಬ್ಯಾಟರಿಯನ್ನು ಪೂರ್ತಿ ಬಿಡಿಸಬಾರದು. ಬಿಡಿಸಿದರೆ ಆಲ್ಟರ್ನೇಟರಿನ ಒಳಗಿನ ಡಯೋಡುಗಳು ಸುಟ್ಟುಹೋಗುವುವು.

ಇವಲ್ಲದೆ ಒಂದು ತುರ್ತಿನ ಸ್ವಿಚ್ಚು ಇರಲಿ. ಎಂಜಿನ್ ಬ್ಯಾಟರಿಯೇ ಕೈಕೊಟ್ಟ ದಿನ ಅದನ್ನು ಹಾಕಿ ದೀಪದ ಬ್ಯಾಟರಿಯಿಂದ ಎಂಜಿನ್ ಎಬ್ಬಿಸಬಹುದು. ಎದ್ದ ಮೇಲೆ ತೆಗೆದುಬಿಡಬೇಕು. ಈ ದಾರಿಯ ತಂತಿ ಸೆಲ್ಫಿನ ತಂತಿಯಷ್ಟೇ ದಪ್ಪವಿರಲಿ, 25 ಅಥವಾ 35 ಚದರ ಮಿಲಿಮೀಟರ್. ರಿಲೇಯ ದಾರಿಗೆ 16 ಸಾಕು.

ಫ್ಯೂಸಿನ ಮಾತನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ಫ್ಯೂಸು ಕಾಯುವುದು ದೀಪವನ್ನಲ್ಲ, ತಂತಿಯನ್ನು. ತಂತಿ ಎಲ್ಲಿಯೋ ಉಜ್ಜಿ ಬರಿದಾಗಿ ಕಬ್ಬಿಣಕ್ಕೆ ತಾಗಿದರೆ ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ಅದರ ಮೇಲೆ ಸುರಿಯುತ್ತದೆ, ತಂತಿ ಕಾದು ದೋಣಿಗೆ ಬೆಂಕಿ ಹಿಡಿಯುತ್ತದೆ. ಕಡಲ ನಡುವೆ ಬೆಂಕಿ ಬಿದ್ದರೆ ಓಡಲು ಅಂಗಳವಿಲ್ಲ. ಫ್ಯೂಸು ದೀಪದ ಬಳಿ ಇದ್ದು ಪ್ರಯೋಜನವಿಲ್ಲ, ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನ ಒಳಗೇ ಇರಬೇಕು. ರಿಲೇಯ ತಂತಿಗೆ ಎರಡೂ ತುದಿಯಲ್ಲಿ ಬೇಕು, ಏಕೆಂದರೆ ಅದಕ್ಕೆ ಎರಡೂ ಕಡೆಯಿಂದ ಕರೆಂಟು ಬರುತ್ತದೆ. ಇದನ್ನು ಬಲ್ಲ ಕೆಲಸಗಾರರೇ ಮರೆಯುವುದುಂಟು. ಫ್ಯೂಸು ಹೋದರೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಹಾಕುವ ಜಾಣತನ ನಮ್ಮಲ್ಲಿ ಬಹಳ. ಅದು ಕೂಡದು.

ಮನೆಯ ಗೋಡೆಗೆ ಹಾಕುವ ಒಂಟಿ ಎಳೆಯ ಗಟ್ಟಿ ತಂತಿಯನ್ನು ದೋಣಿಗೆ ತರಬೇಡಿ. ಎಂಜಿನ್ನಿನ ನಡುಕಕ್ಕೆ ಅದು ಒಳಗೇ ಮುರಿಯುತ್ತದೆ. ಸಣ್ಣ ಎಳೆಗಳ ತಂತಿಯೇ ಬೇಕು, ಎಳೆಗಳಿಗೆ ತವರ ಬಳಿದದ್ದಾದರೆ ಇನ್ನೂ ಮೇಲು. ಬರೀ ತಾಮ್ರ ಉಪ್ಪುಗಾಳಿಗೆ ಹಸಿರುಗಟ್ಟಿ, ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕರೆಂಟು ಬಿಡುವುದಿಲ್ಲ. ತುದಿಗಳಿಗೆ ಒತ್ತಿ ಕೂರಿಸುವ ಲಗ್ ಹಾಕಿಸಿ, ಬಿಗಿದ ಮೇಲೆ ವ್ಯಾಸಲೀನ್ ಸವರಿ.

ಬ್ಯಾಟರಿಗಳನ್ನು ಎಲ್ಲಿ ಇಡುವುದು? ತಳದ ನೀರು ಮುಟ್ಟದಷ್ಟು ಮೇಲೆ, ಆದರೆ ದೋಣಿ ತಲೆಭಾರವಾಗದಷ್ಟು ಕೆಳಗೆ, ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ಬಿಗಿದು. ದೋಣಿ ಹೊಯ್ದಾಡಿದಾಗ ಒಂದು ಬೆರಳಿನಷ್ಟೂ ಸರಿಯಬಾರದು. ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿಗೆ ಕಿಂಡಿ ಬೇಕು, ಏಕೆಂದರೆ ಚಾರ್ಜ್ ಆಗುವಾಗ ಜಲಜನಕ ಹೊರಡುತ್ತದೆ, ಒಂದು ಕಿಡಿ ಸಾಕು ಸಿಡಿಯಲು. ಅಲ್ಲಿ ಬೀಡಿ ಹಚ್ಚಬೇಡಿ, ಸೀಮೆಎಣ್ಣೆ ಡಬ್ಬಿ ಇಡಬೇಡಿ. ಉಪ್ಪುನೀರು ಬ್ಯಾಟರಿಯ ಆಮ್ಲಕ್ಕೆ ಸೇರಿದರೆ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಮುಚ್ಚಿದ ಎಂಜಿನ್ ಗೂಡಿನಲ್ಲಿ ಅದು ಉಸಿರಿಗೆ ಸಿಕ್ಕರೆ ಪ್ರಾಣಕ್ಕೇ ಅಪಾಯ. ಕೆಲಸಕ್ಕೆ ಕೂರುವ ಮುಂಚೆ ಕೈಯ ಉಂಗುರ, ಕಡಗ ತೆಗೆದಿಡಿ. ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ.

ಹೀಗೆ ಎರಡು ಬ್ಯಾಟರಿ ಹಾಕಿದ ಮೇಲೆ ಎಲ್ಲ ಮುಗಿಯಿತು ಎಂದು ತಿಳಿಯುವುದೂ ಒಂದು ತಪ್ಪು. ಬಾವಿ ಎರಡಾದ ಮಾತ್ರಕ್ಕೆ ಒರತೆ ಎರಡಾಗಲಿಲ್ಲ. ರಾತ್ರಿ ತೆಗೆದ 35 ಆಂಪಿಯರ್-ಗಂಟೆಯನ್ನು ದಡಕ್ಕೆ ಬರುವ ಒಂದು ಗಂಟೆಯ ಓಟ ತುಂಬಿಕೊಡಲಾರದು. ಸೀಸದ ಬ್ಯಾಟರಿ ಮೊದಲು ಬೇಗ ಕುಡಿಯುತ್ತದೆ, ಕೊನೆಯ ಕಾಲು ಭಾಗವನ್ನು ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿಯುತ್ತದೆ. ಅರೆ ತುಂಬಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಫಲಕದ ಮೇಲೆ ಬಿಳಿ ಹಕ್ಕಳೆ ಕಟ್ಟಿ ಮತ್ತೆ ತುಂಬದಂತಾಗುತ್ತದೆ. ಇದಕ್ಕೆ ದೋಣಿಯ ಮಾಡಿನ ಮೇಲೆ 50 ವ್ಯಾಟಿನ ಸೋಲಾರ್ ಫಲಕ, ನಡುವೆ ಒಂದು ಚಾರ್ಜ್ ಕಂಟ್ರೋಲರ್ ಹಾಕಿ. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ 12ರಿಂದ 15 ಆಂಪಿಯರ್-ಗಂಟೆ ಸಿಗುತ್ತದೆ. ಮಳೆಗಾಲದಲ್ಲಿ ಅಷ್ಟು ನಂಬಬೇಡಿ. ಹಗ್ಗ ಎಳೆದು ಚಾಲೂ ಮಾಡುವ ಔಟ್‌ಬೋರ್ಡ್ ಎಂಜಿನ್ನಿನವರಿಗೆ ಈ ಎರಡು ಬ್ಯಾಟರಿಯ ಗೊಡವೆಯೇ ಇಲ್ಲ. ಒಂದು ದೀಪದ ಬ್ಯಾಟರಿ, ಒಂದು ಫಲಕ, ಅವರ ಕೆಲಸ ಮುಗಿಯಿತು.

ಹತ್ತು ಮಾತಿಗಿಂತ ಒಂದು ಮೀಟರ್ ಮೇಲು. ಸಣ್ಣ ವೋಲ್ಟ್ ಮೀಟರನ್ನು ಎರಡು ಬ್ಯಾಟರಿಗೂ ತೋರುವಂತೆ ಹಲಗೆಯ ಮೇಲೆ ಕೂರಿಸಿ. ಎರಡು ಮೂರು ಗಂಟೆ ಸುಮ್ಮನಿದ್ದ ಬ್ಯಾಟರಿ 12.7 ತೋರಿದರೆ ತುಂಬಿದೆ. 12.2 ತೋರಿದರೆ ಅರ್ಧ. 11.9ಕ್ಕೆ ಬಂದರೆ ಬರಿದಾಯಿತೆಂದೇ ತಿಳಿಯಿರಿ. ಎಂಜಿನ್ ನಡೆಯುವಾಗ 13.8ರಿಂದ 14.4ರ ನಡುವೆ ಇರಬೇಕು. 12.5ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿಲ್ಲ, ಆ ದಿನ ಹೊರ ಕಡಲಿಗೆ ಹೋಗಬೇಡಿ.

ಪಂಪಿನ ವಿಷಯದಲ್ಲಿ ಒಂದು ವಿನಾಯಿತಿ ಉಂಟು. ನೀರು ಏರಿದಾಗ ತಾನೇ ನಡೆಯುವ ತೇಲು ಸ್ವಿಚ್ಚಿನ ಪಂಪಾದರೆ, ಅದರ ತಂತಿ ದೊಡ್ಡ ಸ್ವಿಚ್ಚನ್ನು ಹಾಯದೆ, ತನ್ನದೇ ಫ್ಯೂಸಿನ ಮೂಲಕ ದೀಪದ ಬ್ಯಾಟರಿಗೆ ನೇರ ಹೋಗಲಿ. ನೀವು ಎಲ್ಲ ಸ್ವಿಚ್ಚು ತೆಗೆದು ಮನೆಗೆ ಹೋಗಿ ಮಲಗಿದ ರಾತ್ರಿ ಆರಿದ್ರಾ ಮಳೆ ಹೊಯ್ದರೂ ಅದು ದೋಣಿಯನ್ನು ಕಾಯುತ್ತದೆ. ಎಂಜಿನ್ ಬ್ಯಾಟರಿಗೆ ಮಾತ್ರ ಅದನ್ನು ಕಟ್ಟಬೇಡಿ. ವಯರ್‌ಲೆಸ್ ದೀಪದ ಬ್ಯಾಟರಿಯ ಮೇಲೆ ಇರಲಿ, ತುರ್ತಿನ ಸ್ವಿಚ್ಚಿನಿಂದ ಅದಕ್ಕೂ ಎರಡನೆಯ ದಾರಿ ಸಿಗುತ್ತದೆ. ಅಪಾಯದಲ್ಲಿ ಕೂಗಲು 16ನೆಯ ಚಾನೆಲ್. ಮೊಬೈಲಿಗೆ ಸಿಗ್ನಲ್ ಸಿಗುವಷ್ಟು ದಡದ ಹತ್ತಿರವಿದ್ದರೆ ಕರಾವಳಿ ಕಾವಲು ಪಡೆಯ 1554. ಈ ಎರಡನ್ನು ದೋಣಿಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಿಡಿ.

ಮಾವನ ದೋಣಿಗೆ ಈ ಏರ್ಪಾಟು ಮಾಡಿ ಎರಡನೆಯ ವರ್ಷ ನಡೆಯುತ್ತಿದೆ. ಹೋದ ಮಾಘದಲ್ಲಿ ಒಂದು ಬೆಳಿಗ್ಗೆ ದೀಪದ ಬ್ಯಾಟರಿ 11.8ಕ್ಕೆ ಇಳಿದಿತ್ತಂತೆ, ಹುಡುಗರು ಮೊಬೈಲಿನಲ್ಲಿ ಸಿನಿಮಾ ನೋಡಿದ್ದರು. ಮಾವ ಕೀಲಿ ತಿರುಗಿಸಿದರು, ಎಂಜಿನ್ ಮೊದಲ ಸಲಕ್ಕೇ ಎದ್ದಿತು. ಹುಡುಗರಿಗೆ ಬೈದದ್ದು ಎಂಜಿನ್ ಎದ್ದ ಮೇಲೆ.

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ. ಎಲ್ಲರೂ ಆಗಲೇ ಮಾಡೋಣ ಎನ್ನುತ್ತೀರಿ, ಆಗ ಮೇಸ್ತ್ರಿಗಳು ಕೈಗೆ ಸಿಗುವುದಿಲ್ಲ, ನಿಮಗೂ ನಾಟಿಯ ಗಡಿಬಿಡಿ. ಆದುದರಿಂದ ಬರುವ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ದೋಣಿ ಕಟ್ಟುವ ದಕ್ಕೆಯ ಬಳಿ ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದೇವೆ. ಮಾವ ತಮ್ಮ ದೋಣಿ ತರುತ್ತಾರೆ, ಮೇಸ್ತ್ರಿಯವರೂ ಬರುತ್ತಾರೆ. ನಿಮ್ಮ ದೋಣಿಯಲ್ಲಿರುವ ದೀಪಗಳ ವ್ಯಾಟು, ಪಂಪಿನ ಮೇಲೆ ಬರೆದ ಆಂಪಿಯರ್, ಬ್ಯಾಟರಿಯ ಮೇಲಿನ ಅಂಕಿ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಓದಲು ಬಾರದ ಹಿರಿಯರು ಶಾಲೆಗೆ ಹೋಗುವ ಮೊಮ್ಮಕ್ಕಳನ್ನು ಕರೆತಂದರೂ ಆಯಿತು. 10 ಮತ್ತು 13ರ ಸ್ಪ್ಯಾನರ್ ಇದ್ದವರು ಅದನ್ನೂ ತರಬೇಕು, ಹಿಡಿಗೆ ಟೇಪು ಸುತ್ತಿಕೊಂಡು. ಮೀಟರ್ ನನ್ನ ಬಳಿ ಇದೆ.